ವಂಶವಾಹಿ ಹೊರಿಸಿದ ಅಪವಾದ

ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಸಂಬಂಧಪಟ್ಟ ಜೀನುಗಳ ಮಾರ್ಪಾಟುಗಳು ಯಾವ ಕಾಯಿಲೆಯೂ ಇಲ್ಲದೆ ಓಡಾಡಿಕೊಂಡಿರುವವರ ರಕ್ತದಲ್ಲಿಯೂ ಕಾಣುತ್ತವೆ ಎಂಬ ಸಂಗತಿ ಈಗ ಹತ್ತು ವರ್ಷಕ್ಕೂ ಹಳೆಯದು. ಶಾಸ್ತ್ರಜ್ಞರು ಅದನ್ನು ಕಂಡರು, ಅಳೆದರು, ತೂಗಿದರು, ಅದಕ್ಕೊಂದು ಹೆಸರನ್ನೂ ಇಟ್ಟರು. ಅವರೊಡನೆ ನನಗೆ ಜಗಳವಿಲ್ಲ. ನನ್ನ ಜಗಳವಿರುವುದು ಅದನ್ನು ಕನ್ನಡಕ್ಕೆ ತಂದವರ ಮೇಲೆ, ಮತ್ತೆ ಅದನ್ನು ಪೇಟೆಗೆ ತಂದವರ ಮೇಲೆ. ಮೊದಲನೆಯವರು ಅದಕ್ಕೆ ಸಲ್ಲದ ಮಾತನ್ನು ತೊಡಿಸಿದರು. ಎರಡನೆಯವರು ಆ ಮಾತಿಗೆ ಬೆಲೆಯ ಚೀಟಿ ಅಂಟಿಸಿದರು. ಇಬ್ಬರೂ ಸೇರಿ ನೆಟ್ಟಗಿರುವ ಮನುಷ್ಯನನ್ನು ರೋಗಿಯೆಂದೂ ಅವನ ಮಕ್ಕಳು ಮೊಮ್ಮಕ್ಕಳನ್ನು ಕಳಂಕಿತರೆಂದೂ ಮಾಡುತ್ತಿದ್ದಾರೆ. ಕನ್ನಡ ಪಾಠ ಹೇಳುವವನಿಗೆ ವೈದ್ಯದ ಗೊಡವೆ ಏಕೆ ಎಂದು ಕೇಳುವವರು ಉಂಟು. ಗೊಡವೆ ಮಾತಿನದು. ಮಾತು ಕೆಟ್ಟರೆ ನಮ್ಮಂಥವರನ್ನಲ್ಲದೆ ಇನ್ನಾರನ್ನು ಕೇಳಬೇಕು?

ಸಂಗತಿ ಇಷ್ಟು. ೨೦೧೪ರಲ್ಲಿ ಮೂರು ಸಂಶೋಧನ ಲೇಖನಗಳು ಹೆಚ್ಚು ಕಡಿಮೆ ಒಟ್ಟೊಟ್ಟಿಗೆ ಹೊರಬಂದವು. ಅವುಗಳಲ್ಲಿ ಸಿದ್ಧಾರ್ಥ ಜೈಸ್ವಾಲ್ ಮತ್ತು ಅವರ ಸಂಗಡಿಗರು ೧೭,೧೮೨ ಜನರ ರಕ್ತವನ್ನು ಪರಿಶೀಲಿಸಿದ್ದರು. ಇವರು ಯಾರೂ ರಕ್ತದ ಕಾಯಿಲೆ ಇದೆಯೆಂದು ಆರಿಸಿ ತಂದವರಲ್ಲ. ನಲವತ್ತರ ಒಳಗಿನವರಲ್ಲಿ ಈ ಮಾರ್ಪಾಟು ಅಪರೂಪ. ಎಪ್ಪತ್ತರಿಂದ ಎಪ್ಪತ್ತೊಂಬತ್ತರವರೆಗಿನವರಲ್ಲಿ ನೂರಕ್ಕೆ ೯.೫, ತೊಂಬತ್ತು ದಾಟಿದವರಲ್ಲಿ ನೂರಕ್ಕೆ ೧೮.೪. ಸ್ವೀಡನ್ ದೇಶದ ೧೨,೩೮೦ ಜನರ ರಕ್ತವನ್ನು ನೋಡಿದ ಇನ್ನೊಂದು ತಂಡವೂ ಇದೇ ಮಾತನ್ನು ಹೇಳಿತು: ೬೫ ದಾಟಿದವರಲ್ಲಿ ಹತ್ತಕ್ಕೊಬ್ಬರು, ಐವತ್ತರ ಒಳಗಿನವರಲ್ಲಿ ನೂರಕ್ಕೊಬ್ಬರು. ಡಿಎನ್‌ಎಂಟಿ೩ಎ, ಟೆಟ್೨, ಎಎಸ್‌ಎಕ್ಸ್‌ಎಲ್೧ ಎಂಬ ಮೂರು ಜೀನುಗಳದೇ ದೊಡ್ಡ ಪಾಲು. ಈ ಮೂರೂ ಲ್ಯುಕೇಮಿಯಾ ರೋಗಿಗಳಲ್ಲಿ ಪದೇಪದೇ ಸಿಕ್ಕುವಂಥವು. ೨೦೧೬ರಲ್ಲಿ ಇನ್ನೂ ಸೂಕ್ಷ್ಮವಾದ ವಿಧಾನದಿಂದ ಇಪ್ಪತ್ತು ಜನ ಆರೋಗ್ಯವಂತ ಹೆಂಗಸರ ರಕ್ತವನ್ನು ಹುಡುಕಿದಾಗ ಹತ್ತೊಂಬತ್ತು ಜನರಲ್ಲಿ ಇಂಥ ಒಂದಲ್ಲ ಒಂದು ಮಾರ್ಪಾಟು ಸಿಕ್ಕಿತು. ಕಣ್ಣು ಚೂಪಾದಷ್ಟೂ ಕಳಂಕವಿಲ್ಲದವರ ಸಂಖ್ಯೆ ಕಡಿಮೆಯಾಗುತ್ತ ಬಂತು. ಇದನ್ನು ಓದುತ್ತಿರುವ ಹಿರಿಯರಲ್ಲಿ ಹಲವರು ಇದನ್ನು ಹೊತ್ತಿದ್ದಾರೆ. ನಲವತ್ತು ದಾಟಿರುವ ನಾನೂ ಹೊತ್ತಿರಬಹುದು.

ಇದು ಹೇಗೆ ಆಗುತ್ತದೆ ಎಂಬುದನ್ನು ನನ್ನ ಕಸುಬಿನ ಭಾಷೆಯಲ್ಲಿಯೇ ಹೇಳಲು ಅಪ್ಪಣೆ ಬೇಡುತ್ತೇನೆ. ಹಳಗನ್ನಡ ಕಾವ್ಯಗಳ ಓಲೆಯ ಪ್ರತಿಗಳನ್ನು ಪರಿಷ್ಕರಿಸಿದವರಿಗೆ ಗೊತ್ತು, ಕವಿಯ ಕೈಬರಹದ ಪ್ರತಿ ನಮಗೆ ಸಿಕ್ಕುವುದಿಲ್ಲ. ಸಿಕ್ಕುವುದು ಪ್ರತಿಯ ಪ್ರತಿಯ ಪ್ರತಿ. ಲಿಪಿಕಾರ ಒಂದೆಡೆ ‘ಪ’ಕಾರವನ್ನು ‘ವ’ಕಾರವೆಂದು ಓದಿ ಬರೆಯುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರ ಪ್ರತಿಗಳಲ್ಲಿಯೂ ಆ ‘ವ’ಕಾರವೇ ನಿಲ್ಲುತ್ತದೆ. ನಾವು ಅದನ್ನು ಪಾಠಾಂತರ ಎನ್ನುತ್ತೇವೆ. ಅದನ್ನು ಹಿಡಿದೇ ಈ ಏಳು ಪ್ರತಿಗಳು ಒಂದು ಮನೆತನದವು ಎಂದು ಗುರುತಿಸುತ್ತೇವೆ. ರಕ್ತದ ಕಥೆಯೂ ಹೆಚ್ಚು ಕಡಿಮೆ ಇದೇ. ನಮ್ಮ ಮೂಳೆಗಳ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಮೂಲಕೋಶಗಳು ಇವೆ. ೨೦೧೮ರ ಒಂದು ಲೆಕ್ಕದಂತೆ ಅವುಗಳ ಸಂಖ್ಯೆ ಐವತ್ತು ಸಾವಿರದಿಂದ ಎರಡು ಲಕ್ಷ. ಅವು ತಮ್ಮನ್ನು ತಾವೇ ನಕಲು ಮಾಡಿಕೊಳ್ಳುತ್ತ ಬದುಕುತ್ತವೆ. ಒಂದೊಂದು ಕೋಶದಲ್ಲಿಯೂ ವರ್ಷಕ್ಕೆ ಸುಮಾರು ೧೭ ಕೈತಪ್ಪುಗಳು ಸೇರುತ್ತವೆ. ಎಪ್ಪತ್ತು ವರ್ಷ ಬದುಕಿದವನ ಒಂದೊಂದು ಮೂಲಕೋಶದಲ್ಲಿಯೂ ಸಾವಿರಕ್ಕೆ ಮಿಕ್ಕಿ ಪಾಠಾಂತರ! ಬಹುಪಾಲು ಅರ್ಥ ಕೆಡಿಸದ ಪಾಠಾಂತರಗಳು. ಎಲ್ಲೋ ಒಂದು ಮಾತ್ರ ಆ ಕೋಶಕ್ಕೆ ಒಂದು ಬಗೆಯ ಅನುಕೂಲವನ್ನು ಕೊಡುತ್ತದೆ. ಅದರ ಸಂತಾನ ಉಳಿದವುಗಳಿಗಿಂತ ತುಸು ಬೇಗ ಬೆಳೆಯುತ್ತದೆ. ಇಷ್ಟಾದರೂ ಆ ಕೋಶಗಳು ಕೆಂಪು ಕಣವನ್ನೂ ಬಿಳಿಯ ಕಣವನ್ನೂ ಹುಟ್ಟಿಸುವ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ೨೦೨೨ರ ಒಂದು ಅಧ್ಯಯನದಲ್ಲಿ, ಎಪ್ಪತ್ತು ದಾಟಿದವರ ರಕ್ತದ ನೂರಕ್ಕೆ ೩೦ರಿಂದ ೬೦ರಷ್ಟು ಹನ್ನೆರಡರಿಂದ ಹದಿನೆಂಟು ಕೋಶಗಳ ಸಂತಾನವೇ ಆಗಿತ್ತು. ಅದು ಮುಪ್ಪಿನ ಸಹಜ ಚಿತ್ರ. ಕೂದಲು ನರೆಯುವುದನ್ನು ಯಾರೂ ರೋಗವೆನ್ನುವುದಿಲ್ಲವಲ್ಲ.

ಇದಕ್ಕೆ ಹಾಲೆಂಡಿನ ಒಬ್ಬ ಮುದುಕಿಗಿಂತ ಒಳ್ಳೆಯ ಸಾಕ್ಷಿ ಬೇಡ. ಹೆಂಡ್ರಿಕ್ಯೆ ವಾನ್ ಆಂಡೆಲ್-ಸ್ಕಿಪ್ಪರ್ ಹುಟ್ಟಿದ್ದು ೧೮೯೦ರಲ್ಲಿ, ತೀರಿಕೊಂಡದ್ದು ೨೦೦೫ರಲ್ಲಿ. ನೂರ ಹದಿನೈದು ವರ್ಷ! ಆಗ ಜಗತ್ತಿನಲ್ಲಿಯೇ ಹಿರಿಯರೆಂದು ಹೆಸರಾಗಿದ್ದವರು. ತಮ್ಮ ದೀರ್ಘಾಯುಸ್ಸಿಗೆ ದಿನವೂ ತಿನ್ನುತ್ತಿದ್ದ ಹೆರಿಂಗ್ ಮೀನೇ ಕಾರಣವೆಂದು ಅವರ ನಂಬಿಕೆ. ನಮ್ಮ ಕಡೆಯ ಸಸ್ಯಾಹಾರಿಗಳು ಇದನ್ನು ಓದಿ ಕಂಗೆಡಬೇಕಾಗಿಲ್ಲ. ನೂರು ದಾಟಿದ ಮೇಲೂ ಅವರ ಬುದ್ಧಿ ಹರಿತವಾಗಿತ್ತು. ಎಂಭತ್ತೆರಡನೆಯ ವಯಸ್ಸಿನಲ್ಲಿಯೇ ತಮ್ಮ ದೇಹವನ್ನು ಶಾಸ್ತ್ರಕ್ಕೆ ಬರೆದುಕೊಟ್ಟಿದ್ದರು. ೨೦೧೪ರಲ್ಲಿ ಅವರ ರಕ್ತದ ಪರಿಶೀಲನೆ ಪ್ರಕಟವಾಯಿತು. ಅದರಲ್ಲಿ ಸಿಕ್ಕಿದ್ದು, ಹುಟ್ಟುವಾಗ ಇಲ್ಲದೆ ಆಮೇಲೆ ಸೇರಿಕೊಂಡ ಸುಮಾರು ೪೫೦ ಮಾರ್ಪಾಟುಗಳು. ಇನ್ನೂ ಬೆರಗಿನ ಮಾತು: ಅವರ ರಕ್ತದ ಬಹುಭಾಗ ಕೇವಲ ಎರಡು ಮೂಲಕೋಶಗಳ ಸಂತಾನವಾಗಿತ್ತು. ಲಕ್ಷಾಂತರ ಮನೆಗಳ ಊರಿನಲ್ಲಿ ಎರಡು ಮನೆಯ ದೀಪ ಮಾತ್ರ ಉಳಿದ ಹಾಗೆ. ಆ ಎರಡೇ ದೀಪದ ಬೆಳಕಿನಲ್ಲಿ ಆಕೆ ಬದುಕಿದರು, ಲ್ಯುಕೇಮಿಯಾ ಅವರನ್ನು ಮುಟ್ಟಲಿಲ್ಲ. ಸತ್ತದ್ದು ಹೊಟ್ಟೆಯ ಗಂತಿಯಿಂದ. ಅದೂ ಶವಪರೀಕ್ಷೆಯಲ್ಲಿ ಗೊತ್ತಾದದ್ದು.

ಇನ್ನು ಕನ್ನಡದ ವಿಚಾರ. ಜೀನ್ ಎಂಬ ಪದವನ್ನು ೧೯೦೯ರಲ್ಲಿ ಡೆನ್ಮಾರ್ಕಿನ ಜೊಹಾನ್ಸೆನ್ ಬಳಕೆಗೆ ತಂದರು. ನಾವು ಅದನ್ನು ‘ವಂಶವಾಹಿ’ ಎಂದೆವು. ಪದ ಕಟ್ಟಿದವರ ಕಾಲಕ್ಕೆ ಅದು ಸರಿಯೇ. ತಂದೆಯ ಮೂಗು ಮಗನಿಗೆ ಬರುವುದನ್ನು ವಿವರಿಸುವುದು ಆಗಿನ ಕೆಲಸವಾಗಿತ್ತು, ವಂಶವನ್ನು ಹೊತ್ತು ತರುವಂಥದು ವಂಶವಾಹಿ. ಆದರೆ ನಾನು ಮೇಲೆ ಹೇಳಿದ ಮಾರ್ಪಾಟುಗಳು ಯಾವ ವಂಶವನ್ನೂ ಹೊತ್ತು ತಂದವಲ್ಲ, ಯಾವ ವಂಶಕ್ಕೂ ಹೊತ್ತು ಹೋಗುವಂಥವಲ್ಲ. ಅವು ಒಬ್ಬನ ಮಜ್ಜೆಯಲ್ಲಿ ಅವನ ಬದುಕಿನಲ್ಲಿಯೇ ಹುಟ್ಟಿ ಅವನ ಚಿತೆಯಲ್ಲಿ ಮುಗಿಯುವಂಥವು. ವೀರ್ಯಕ್ಕೂ ಅಂಡಕ್ಕೂ ಅವುಗಳ ಸೋಂಕಿಲ್ಲ. ಅಂಥ ಒಂದು ಮಾರ್ಪಾಟನ್ನು ‘ಲ್ಯುಕೇಮಿಯಾ ವಂಶವಾಹಿ’ ಎಂದು ತಲೆಬರಹದಲ್ಲಿ ಹಾಕಿದರೆ ಕನ್ನಡ ಬಲ್ಲವನಿಗೆ ಏನು ಅರ್ಥವಾಗಬೇಕು? ಅವನು ಕನ್ನಡ ಬಲ್ಲವನಾದ್ದರಿಂದಲೇ ತಪ್ಪು ಅರ್ಥವಾಗುತ್ತದೆ. ಕನ್ನಡ ಬಾರದಿದ್ದರೆ ಅವನು ಬದುಕಿಕೊಂಡಾನು! ಅದರ ಮೇಲೆ ‘ವಿಕೃತಿ’ ಎಂಬುದೊಂದು. ಮಾರ್ಪಾಟು ಎನ್ನಬೇಕಾದಲ್ಲಿ ಕೆಲವರು ‘ವಂಶವಾಹಿ ವಿಕೃತಿ’ ಎಂದು ಬರೆಯುತ್ತಾರೆ. ವಿಕೃತಿ ಎಂದರೆ ನಮ್ಮ ಮಾತಿನಲ್ಲಿ ಏನು ಎಂಬುದನ್ನು ಬಿಡಿಸಿ ಹೇಳಬೇಕೆ?

ನಮ್ಮ ನಾಡಿನಲ್ಲಿ ರಕ್ತ ಎಂಬುದು ಬರಿಯ ದ್ರವವಲ್ಲ. ‘ರಕ್ತದಲ್ಲೇ ಬಂದದ್ದು’, ‘ರಕ್ತಸಂಬಂಧ’, ‘ಒಂದೇ ರಕ್ತ’ ಎಂದು ನಾವು ಆಡುವಾಗ ಕುಲಗೋತ್ರಗಳನ್ನೇ ಆಡುತ್ತಿರುತ್ತೇವೆ. ಗಂಡು ಹೆಣ್ಣು ನೋಡುವ ಕಡೆ ಈ ಮಾತು ಕತ್ತಿಯ ಕೆಲಸ ಮಾಡುತ್ತದೆ. ನನ್ನ ಸೋದರಮಾವನವರಿಗೆ ಎಪ್ಪತ್ತೊಂದು. ನಿವೃತ್ತ ಉಪಾಧ್ಯಾಯರು; ಬೆಳಗ್ಗೆ ಎರಡು ಮೈಲಿ ನಡೆಯುವವರು. ಬೆಂಗಳೂರಿನಲ್ಲಿರುವ ಮಗ ಅಕ್ಕರೆಯಿಂದ ಅವರಿಗೆ ಒಂದು ಪೂರ್ಣ ಶರೀರ ತಪಾಸಣೆ ಮಾಡಿಸಿದ; ಅದರ ಜೊತೆಗೆ, ರಿಯಾಯಿತಿಯಲ್ಲಿ, ಜೀನುಗಳ ಪರೀಕ್ಷೆ. ವರದಿ ಮೊಬೈಲಿಗೆ ಬಂತು: ಡಿಎನ್‌ಎಂಟಿ೩ಎ ಜೀನಿನಲ್ಲಿ ಮಾರ್ಪಾಟು, ನೂರಕ್ಕೆ ನಾಲ್ಕರ ಪ್ರಮಾಣ, ಲ್ಯುಕೇಮಿಯಾಕ್ಕೆ ಸಂಬಂಧಪಟ್ಟದ್ದು. ಬಿಡಿಸಿ ಹೇಳುವ ವೈದ್ಯರು ಯಾರೂ ಇಲ್ಲ. ಕೆಳಗೆ ಕೆಂಪು ಅಕ್ಷರ, ‘ತಜ್ಞರನ್ನು ಕಾಣಿ’. ಮನೆಯ ಒಬ್ಬರು ಅದನ್ನು ಮತ್ತೊಬ್ಬರಿಗೆ ಹೇಳಿದರು, ಅವರು ಮಗದೊಬ್ಬರಿಗೆ. ಆ ತಿಂಗಳು ಮೊಮ್ಮಗಳ ಮದುವೆಯ ಮಾತುಕತೆ ನಡೆದಿತ್ತು. ತಾಂಬೂಲ ಬದಲಾಯಿಸುವ ದಿನ ಗೊತ್ತಾಗಿತ್ತು. ಗಂಡಿನ ಕಡೆಯವರು ದೂತರೊಬ್ಬರ ಮೂಲಕ ಹೇಳಿ ಕಳುಹಿಸಿದರು: ‘ಅವರ ರಕ್ತದಲ್ಲೇ ಕ್ಯಾನ್ಸರ್ ವಂಶವಾಹಿ ಇದೆಯಂತಲ್ಲ, ಇರಲಿ, ಹುಡುಗಿ ಒಳ್ಳೆಯವಳು, ಆದರೆ ನಾವು ನಾಳೆಯ ವಿಚಾರವನ್ನೂ ನೋಡಬೇಕು.’ ಮಾವ ನನ್ನನ್ನು ಕೇಳಿದ್ದು ಇಷ್ಟು: ‘ಅಲ್ಲ ಕಣೋ, ನನ್ನ ಕೂದಲು ಬೆಳ್ಳಗಾಗಿದೆ ಅಂತ ಮೊಮ್ಮಗಳನ್ನ ಬೇಡ ಅಂದರೆ ನೀನು ಏನೆನ್ನುತ್ತೀ?’ ಆ ಹುಡುಗಿಯ ಮಜ್ಜೆಯಲ್ಲಿ ಆ ಮಾರ್ಪಾಟು ತಾತನಿಂದ ಬರುವುದಕ್ಕೆ ದಾರಿಯೇ ಇಲ್ಲ. ದಾರಿಯಿದ್ದದ್ದು ಒಂದು ಪದಕ್ಕೆ.

ಅಪವಾದಗಳಿಲ್ಲವೆ ಎಂದು ಬಲ್ಲವರು ಕೇಳಿಯಾರು. ಇವೆ. ರನ್‌ಎಕ್ಸ್೧, ಗಾಟಾ೨, ಡಿಡಿಎಕ್ಸ್೪೧ ಮುಂತಾದ ಕೆಲವು ಜೀನುಗಳ ದೋಷ ಕೆಲವೇ ಕುಟುಂಬಗಳಲ್ಲಿ ತಂದೆತಾಯಿಯರಿಂದ ಮಕ್ಕಳಿಗೆ ನಿಜವಾಗಿಯೂ ಹರಿದು ಬರುತ್ತದೆ, ಅಂಥ ಮನೆಗಳಲ್ಲಿ ಲ್ಯುಕೇಮಿಯಾ ಒಂದಕ್ಕಿಂತ ಹೆಚ್ಚು ಸಲ ಕಾಣಿಸಿಕೊಳ್ಳುತ್ತದೆ. ಅಲ್ಲಿ ವಂಶವಾಹಿ ಎಂಬ ಪದ ಸಾರ್ಥಕ. ಅದಕ್ಕೂ ಇದಕ್ಕೂ ವ್ಯತ್ಯಾಸ ಇರುವುದರಿಂದಲೇ ಎರಡಕ್ಕೂ ಒಂದೇ ಪದ ಸಲ್ಲದು ಎನ್ನುತ್ತೇನೆ.

ಹೆದರಿಸುವವರ ಕೈಯಲ್ಲಿ ಇನ್ನೊಂದು ಆಯುಧವಿದೆ: ‘ಹನ್ನೊಂದು ಪಟ್ಟು’. ಜೈಸ್ವಾಲರ ಲೇಖನದಲ್ಲಿ ಈ ಮಾರ್ಪಾಟು ಇದ್ದವರಿಗೆ ರಕ್ತದ ಕ್ಯಾನ್ಸರ್ ಬರುವ ಸಂಭವ ಇಲ್ಲದವರಿಗಿಂತ ಸುಮಾರು ಹನ್ನೊಂದು ಪಟ್ಟು ಎಂದಿರುವುದು ದಿಟ. ಆದರೆ ಯಾವುದರ ಹನ್ನೊಂದು ಪಟ್ಟು? ಒಂದು ಕಾಸಿನ ಹನ್ನೊಂದು ಪಟ್ಟು ಹನ್ನೊಂದು ಕಾಸೇ. ಮಾರ್ಪಾಟು ಕೋಶಗಳಲ್ಲಿ ಒಂದು ಮಟ್ಟವನ್ನು ದಾಟಿದವರನ್ನೇ ತೆಗೆದುಕೊಂಡರೂ, ಅವರಲ್ಲಿ ವರ್ಷಕ್ಕೆ ನೂರಕ್ಕೆ ಅರ್ಧದಿಂದ ಒಬ್ಬರವರೆಗೆ ಮಾತ್ರ ಆ ದಾರಿಯನ್ನು ಹಿಡಿಯುತ್ತಾರೆ ಎಂಬುದು ೨೦೧೫ರಲ್ಲಿ ಈ ಸ್ಥಿತಿಗೆ ಹೆಸರಿಟ್ಟವರದೇ ಮಾತು. ಆ ಹೆಸರಿನಲ್ಲಿಯೇ ಅವರು ‘ಮುಂದೇನೆಂದು ನಿಶ್ಚಯಿಸಲಾಗದ’ ಎಂಬ ವಿಶೇಷಣವನ್ನು ಸೇರಿಸಿದರು. ಎಂಥ ಮರ್ಯಾದಸ್ಥ ವಿಶೇಷಣ! ಅದನ್ನು ಕನ್ನಡಕ್ಕೆ ತರುವಾಗ ಮೊದಲು ಉದುರಿದ್ದು ಅದೇ. ಎಲ್ಲ ಮಾರ್ಪಾಟೂ ಒಂದೇ ತೂಕದ್ದಲ್ಲ ಎಂಬುದೂ ಉದುರಿತು. ನಮ್ಮ ಮಾವನವರಲ್ಲಿರುವ ಹಾಗೆ ಡಿಎನ್‌ಎಂಟಿ೩ಎ ಒಂದೇ, ಅದೂ ಚಿಕ್ಕ ಪ್ರಮಾಣದಲ್ಲಿ, ಕಣಗಳ ಎಣಿಕೆ ಸರಿಯಾಗಿದ್ದರೆ, ಅಪಾಯದ ಸಾಲಿನಲ್ಲಿ ಅದಕ್ಕೆ ತೀರ ಕೆಳಗಿನ ಮಣೆ.

ಇದನ್ನೆಲ್ಲ ಕೇಳಿದ ಗೆಳೆಯರೊಬ್ಬರು, ‘ಹಾಗಾದರೆ ಇದೆಲ್ಲ ಪಾಶ್ಚಾತ್ಯರ ಹೊಟ್ಟೆಪಾಡಿನ ಗುಮ್ಮ, ಬಿಡಿ’ ಎಂದರು. ಅವರಿಗೆ ನನ್ನ ಸಮ್ಮತಿಯಿಲ್ಲ. ನಮ್ಮಲ್ಲಿ ಹೆದರುವವರಷ್ಟೇ ಈ ಬಗೆಯ ಉಡಾಫೆಯವರೂ ಇದ್ದಾರೆ. ಸುಶ್ರುತನಲ್ಲಿ ‘ಅರ್ಬುದ’ವಿದೆ, ಇನ್ನೇನು ಬೇಕು ಎನ್ನುವವರು. ಈ ಸಂಶೋಧನೆ ಸುಳ್ಳಲ್ಲ, ಹಗುರವೂ ಅಲ್ಲ. ೨೦೧೭ರಲ್ಲಿ ಇದೇ ಮಾರ್ಪಾಟುಳ್ಳವರಿಗೆ ಹೃದಯದ ರಕ್ತನಾಳದ ಕಾಯಿಲೆ ಸುಮಾರು ಎರಡು ಪಟ್ಟು ಹೆಚ್ಚೆಂದು ತಿಳಿದುಬಂತು. ಟೆಟ್೨ ಕಳೆದುಕೊಂಡ ಬಿಳಿಯ ಕಣಗಳು ನಾಳದ ಗೋಡೆಯಲ್ಲಿ ಉರಿಯೂತವನ್ನು ಹೆಚ್ಚಿಸುತ್ತವೆಂದು ಇಲಿಗಳಲ್ಲಿ ತೋರಿಸಿದರು. ಮುಪ್ಪು ಹೃದಯವನ್ನು ಏಕೆ ಕೆಡಿಸುತ್ತದೆ ಎಂಬ ಹಳೆಯ ಪ್ರಶ್ನೆಗೆ ಮಜ್ಜೆಯ ಕಡೆಯಿಂದ ಒಂದು ಉತ್ತರ ಬಂತು. ಇದು ಸಣ್ಣ ಸಂಗತಿಯೆ? ಕ್ಯಾನ್ಸರಿಗೆ ಔಷಧ ತೆಗೆದುಕೊಂಡವರಲ್ಲಿ ಕೆಲವು ಜೀನುಗಳ ಮಾರ್ಪಾಟಿನ ಕೋಶಗಳು ಆ ಔಷಧಕ್ಕೆ ಜಗ್ಗದೆ ಬೆಳೆಯುತ್ತವೆ. ಅಂಥವರನ್ನು ನೋಡುವ ವೈದ್ಯರಿಗೆ ಈ ಪರೀಕ್ಷೆ ದಾರಿದೀಪ. ರಕ್ತದ ಎಣಿಕೆ ಕಾರಣವಿಲ್ಲದೆ ಕುಸಿಯುತ್ತಿರುವವನಿಗೂ ಬೇಕು. ೨೦೧೮ರಲ್ಲಿ, ಮುಂದೆ ತೀವ್ರ ಲ್ಯುಕೇಮಿಯಾ ಬಂದವರ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿ, ರೋಗಕ್ಕೆ ವರ್ಷಗಳ ಮುಂಚೆಯೇ ಕುರುಹು ಇತ್ತೆಂದು ಎರಡು ತಂಡಗಳು ತೋರಿಸಿದವು. ಯಾರಲ್ಲಿ ಅದು ಕೆರಳುತ್ತದೆ, ಯಾರಲ್ಲಿ ಸುಮ್ಮನಿರುತ್ತದೆ ಎಂಬುದನ್ನು ಬೇರ್ಪಡಿಸುವ ಕೆಲಸ ನಡೆಯುತ್ತಿದೆ, ನಡೆಯಬೇಕು.

ಮಕ್ಕಳ ಪಾಡು ಇನ್ನೂ ಸೂಕ್ಷ್ಮ. ಹುಟ್ಟಿದ ಕೂಸಿನ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿಟ್ಟ ರಕ್ತದ ಚುಕ್ಕೆಗಳನ್ನು ಆಮೇಲೆ ಲ್ಯುಕೇಮಿಯಾ ಬಂದ ಮಕ್ಕಳ ಪಾಲಿಗೆ ೧೯೯೭ರಲ್ಲಿ ಮರುಪರೀಕ್ಷೆ ಮಾಡಿದಾಗ, ರೋಗದ ಜೀನು ಬೆಸುಗೆ ಹುಟ್ಟಿದ ದಿನದ ಚುಕ್ಕೆಯಲ್ಲಿಯೇ ಇತ್ತು. ಬಸಿರಿನಲ್ಲಿಯೇ ಆದದ್ದು. ೨೦೦೨ರಲ್ಲಿ ಮೆಲ್ ಗ್ರೀವ್ಸ್ ಅವರ ತಂಡ ಆರೋಗ್ಯವಾಗಿ ಹುಟ್ಟಿದ ಕೂಸುಗಳ ಹೊಕ್ಕುಳಬಳ್ಳಿಯ ರಕ್ತವನ್ನು ನೋಡಿ, ಇಂಥ ಒಂದು ಬೆಸುಗೆ ನೂರಕ್ಕೊಂದು ಕೂಸಿನಲ್ಲಿದೆ, ರೋಗ ಬರುವುದು ಅವುಗಳಲ್ಲಿ ನೂರಕ್ಕೊಂದಕ್ಕೆ ಎಂಬ ಲೆಕ್ಕ ಕೊಟ್ಟಿತು. ಆ ಪ್ರಮಾಣದ ಬಗ್ಗೆ ಆಮೇಲಿನವರಲ್ಲಿ ವಾದವಿದೆ. ಅವಳಿಗಳ ಸಾಕ್ಷಿ ಮಾತ್ರ ಗಟ್ಟಿ: ೨೦೦೮ರಲ್ಲಿ ವರದಿಯಾದ ಒಂದು ತದ್ರೂಪಿ ಅವಳಿಯಲ್ಲಿ ಇಬ್ಬರು ಹುಡುಗಿಯರ ರಕ್ತದಲ್ಲಿಯೂ ಅದೇ ಬೆಸುಗೆಯ ಕೋಶಗಳಿದ್ದವು, ಒಬ್ಬಳಿಗೆ ಕಾಯಿಲೆ, ಇನ್ನೊಬ್ಬಳು ಆಡಿಕೊಂಡಿದ್ದಳು. ಇಂಥ ಬೆಸುಗೆಯೂ ತಂದೆತಾಯಿ ಕೊಟ್ಟದ್ದಲ್ಲ. ಅವಳಿಗಳಲ್ಲಿ ಅದು ಒಬ್ಬಳ ಕೋಶದಿಂದ ಹುಟ್ಟಿ ಹಂಚಿಕೊಂಡ ಮಾಸಿನ ಮೂಲಕ ಇನ್ನೊಬ್ಬಳಿಗೆ ದಾಟಿದ್ದು. ಮಗುವಿಗೆ ಲ್ಯುಕೇಮಿಯಾ ಬಂದ ಮನೆಯಲ್ಲಿ ‘ನಿನ್ನ ಕಡೆಯಿಂದ ಬಂದದ್ದು’ ಎಂದು ಸೊಸೆಯನ್ನು ಚುಚ್ಚುವ ಅತ್ತೆಯರಿಗೆ ಈ ಒಂದು ವಾಕ್ಯ ಮುಟ್ಟಿದರೂ ಈ ಲೇಖನಕ್ಕೆ ಹಾಕಿದ ಶಾಯಿ ನಷ್ಟವಲ್ಲ.

ಪೇಟೆಯವರಿಗೆ ನನ್ನ ಪ್ರಶ್ನೆ ಒಂದೇ. ಯಾವ ಲಕ್ಷಣವೂ ಇಲ್ಲದವನಲ್ಲಿ ಇದನ್ನು ಕಂಡುಹಿಡಿದ ಮೇಲೆ ಏನು ಕೊಡುತ್ತೀರಿ? ಆ ಕೋಶಗಳನ್ನು ತೊಲಗಿಸುವುದಕ್ಕೆಂದು ಒಪ್ಪಿಗೆ ಪಡೆದ ಔಷಧ ಇಂದಿಗೂ ಇಲ್ಲ. ಹೊಗೆಸೊಪ್ಪು ಬಿಡಿ, ರಕ್ತದೊತ್ತಡ ನೋಡಿಕೊಳ್ಳಿ, ಆಗಾಗ ಕಣಗಳ ಎಣಿಕೆ ಮಾಡಿಸಿ ಎಂದು ಹೇಳುವುದಕ್ಕೆ ಸಾವಿರಾರು ರೂಪಾಯಿನ ಪರೀಕ್ಷೆ ಏತಕ್ಕೆ? ನಮ್ಮೂರ ಡಾಕ್ಟರು ಅದನ್ನು ನಾಡಿ ಹಿಡಿದೇ ಹೇಳುತ್ತಾರೆ. ಬಿಡಿಸಿ ಹೇಳಲು ಮನುಷ್ಯನಿಲ್ಲದ ವರದಿಯನ್ನು ಮೊಬೈಲಿಗೆ ಕಳುಹಿಸುವುದು ಸೇವೆಯಲ್ಲ, ಸಾಗಹಾಕುವಿಕೆ. ಆ ವರದಿ ಅಲ್ಲಿಗೇ ನಿಲ್ಲುವುದಿಲ್ಲ. ನಾಳೆ ವಿಮೆಯವರ ಮೇಜಿನ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ ೨೦೦೮ರಲ್ಲಿಯೇ ಒಂದು ಕಾಯಿದೆ ಮಾಡಿ ಜೀನುಗಳ ಆಧಾರದ ಮೇಲೆ ಆರೋಗ್ಯವಿಮೆಯಲ್ಲಿಯೂ ನೌಕರಿಯಲ್ಲಿಯೂ ಭೇದ ಮಾಡಕೂಡದೆಂದರು. ಜೀವವಿಮೆಯನ್ನು ಮಾತ್ರ ಅದರಿಂದ ಹೊರಗೆ ಬಿಟ್ಟರು. ನಮ್ಮಲ್ಲಿ ೨೦೧೮ರ ಫೆಬ್ರವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಜೀನು ಸಂಬಂಧದ ಕಾಯಿಲೆಗಳೆಂದು ಗೊತ್ತುಗುರಿಯಿಲ್ಲದೆ ಎಲ್ಲವನ್ನೂ ವಿಮೆಯಿಂದ ಹೊರಗಿಡುವ ಷರತ್ತು ಸಂವಿಧಾನದ ೧೪ನೆಯ ವಿಧಿಗೆ ವಿರುದ್ಧವೆಂದು ತೀರ್ಪಿತ್ತಿತು. ಆಮೇಲೆ ಅದು ಮೇಲ್ಮನವಿಗೂ ಹೋಯಿತು. ಈ ಭೇದವನ್ನೇ ನಿಷೇಧಿಸುವ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. ಪರೀಕ್ಷೆ ಮಾರುವವರ ಜಾಹೀರಾತು ಮಾತ್ರ ದಿನವೂ ಇದೆ.

ಪತ್ರಿಕೆಯವರಲ್ಲಿ, ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಜೀನ್ ಎಂಬುದನ್ನು ಜೀನ್ ಎಂದೇ ಬರೆಯಿರಿ. ಬಸ್ಸು, ರೈಲು, ಪೆನ್ನು ಕನ್ನಡದ ಪ್ರತ್ಯಯಗಳನ್ನು ಹೊತ್ತು ನಮ್ಮವೇ ಆಗಿರುವಾಗ ಜೀನು, ಜೀನಿನ, ಜೀನುಗಳು ಎಂದರೆ ನಾಲಿಗೆಗೆ ಏನು ಕಷ್ಟ? ಮೈಯಲ್ಲಿ ಆಮೇಲೆ ಆದದ್ದನ್ನು ‘ಬದುಕಿನಲ್ಲಿ ಬಂದ ಮಾರ್ಪಾಟು’ ಎನ್ನಿ, ಹೆತ್ತವರಿಂದ ಬಂದದ್ದನ್ನು ‘ಹುಟ್ಟಿನಿಂದ ಬಂದ ಮಾರ್ಪಾಟು’ ಎನ್ನಿ. ಮಾತು ಉದ್ದವಾಯಿತು ಎಂದು ಗೊಣಗುವವರಿಗೆ, ತಲೆಬರಹದ ಅಗಲಕ್ಕೆ ಒಂದು ಮನೆಯ ಮರ್ಯಾದೆಯನ್ನು ಕತ್ತರಿಸಬೇಡಿ ಎನ್ನಬೇಕಾಗುತ್ತದೆ. ಪಾರಿಭಾಷಿಕ ಪದಗಳನ್ನು ಕಟ್ಟಿದ ಹಿರಿಯರಿಗೆ ಇದು ಅಗೌರವವೆಂದು ನನ್ನ ಸಹೋದ್ಯೋಗಿಗಳೊಬ್ಬರು ಆಗಲೇ ಆಕ್ಷೇಪಿಸಿದ್ದಾರೆ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗ ಅವರ ಮುಂದಿದ್ದ ಚಿಂತೆ, ಶಾಸ್ತ್ರದ ವಿಷಯ ಇಂಗ್ಲಿಷ್ ಬಾರದವನಿಗೂ ತಿಳಿಯಬೇಕು ಎಂಬುದು. ನಮ್ಮ ಮಾವನವರಿಗೆ ಇಂಗ್ಲಿಷ್ ಬರುತ್ತದೆ. ವರದಿಯ ಇಂಗ್ಲಿಷ್ ಪುಟದಲ್ಲಿ ‘ಹುಟ್ಟಿನಿಂದ ಬಂದದ್ದಲ್ಲ’ ಎಂಬರ್ಥದ ಒಂದು ಪದ ಇದ್ದೇ ಇತ್ತು. ಗಂಡಿನ ಮನೆಯವರು ಓದಿದ್ದು ಕನ್ನಡದ ಪುಟವನ್ನು. ಆ ಪುಟದಲ್ಲಿ ಆ ಪದವಿರಲಿಲ್ಲ.